ಸಾಹೇಬರು ಹೇಳಿದ ಎಂಟು ಗಂಟೆಯ ಬಸ್ಸು

ಏಪ್ರಿಲ್ 15, ಸೋಮವಾರ. ಮೈಲೂರ, ಬೀದರ

ನಿವೃತ್ತನಾಗಿ ಮೂರು ವರ್ಷವಾಯಿತು. ಗ್ಯಾಸ್ ಸಿಲಿಂಡರಿನವನನ್ನು ಬಿಟ್ಟರೆ ನನ್ನನ್ನು ಹುಡುಕಿಕೊಂಡು ಮನೆಗೆ ಬಂದವರಲ್ಲಿ ಇವತ್ತಿನ ಹಾವಗೆಪ್ಪನೇ ಮೊದಲಿಗ. ಅನೀಲಕುಮಾರ ಸಾಹೇಬರ ಪ್ರಚಾರದ ಉಸ್ತುವಾರಿ ಅವನದಂತೆ. ಸಾಹೇಬರು ಈ ಸಲ ಲೋಕಸಭೆಗೆ ಪಕ್ಷೇತರರಾಗಿ ನಿಂತಿದ್ದಾರೆ. ಬೀದರದಲ್ಲಿ ಹುಟ್ಟಿ, ಐದನೇ ವಯಸ್ಸಿಗೆ ಮೈಸೂರು ಸೇರಿ, ಐವತ್ತೆಂಟನೇ ವಯಸ್ಸಿಗೆ ಜನ್ಮಭೂಮಿ ನೆನಪಾಗಿ ಮರಳಿದವರು. ಮಧ್ಯದ ಐವತ್ತಮೂರು ವರ್ಷ ನಮ್ಮ ಕಷ್ಟ ಅವರನ್ನು ದೂರದಿಂದಲೇ ಕಾಡಿತ್ತು ಎಂದು ಕರಪತ್ರದಲ್ಲಿದೆ. ಕರಪತ್ರದಲ್ಲಿ ನಾಲ್ಕು ಕಾಗುಣಿತ ತಪ್ಪುಗಳೂ ಇವೆ.

ನಿನ್ನೆ ಬಾಬಾಸಾಹೇಬರ ಜಯಂತಿಯಲ್ಲಿ ಪುಣೆಯಿಂದ ಬಂದವರೊಬ್ಬರ ಮರಾಠಿ ಭಾಷಣವನ್ನು ನಾನು ಕನ್ನಡಕ್ಕೆ ಮಾಡಿದ್ದನ್ನು ಹಾವಗೆಪ್ಪ ಕೇಳಿದ್ದಾನೆ.

"ಮಾಸ್ತರ್ರ, ನಮ್ಮ ಸಾಹೇಬರಿಗಿ ಮರಾಠಿ ಬಿಲ್ಕುಲ್ ಬರಲ್ಲರಿ. ಕಮಲನಗರ ಕಡಿ ಮಂದಿಗಿ ಸಾಹೇಬರ ಕನ್ನಡ ತಲಿಗಿ ಹತ್ತಲ್ಲ. ನೀವು ಬಾಜೂಕ ನಿಂತು ಮರಾಠಿದಾಗ ಹೇಳ್ಬೇಕು ನೋಡ್ರಿ."

ಯೋಚಿಸಿ ಹೇಳುತ್ತೇನೆ ಎಂದೆ. ಮೂವತ್ತನಾಲ್ಕು ವರ್ಷ ಭಾಲ್ಕಿಯಲ್ಲಿ ಕನ್ನಡ ಪಾಠ ಹೇಳಿದವನು ಕರೆದ ಕೂಡಲೇ ಓಡಬಾರದು. ಅವನು ಹೋದ ಮೇಲೆ ಮನಿಷಾ ನಕ್ಕಳು.

"ಯೋಚನಿ ಮಾಡೋರು ಪ್ಯಾಂಟ್ ಯಾಕ ಇಸ್ತ್ರಿಗಿ ತೆಗದಿಟ್ರಿ?"

ಹೆಂಡತಿಯರಿಗೆ ಭಾಷಾಸೇವೆ ಅರ್ಥವಾಗುವುದಿಲ್ಲ.

ಏಪ್ರಿಲ್ 18, ಗುರುವಾರ

ಭಾಲ್ಕಿಯಲ್ಲಿ ಮೊದಲ ಸಭೆ. ಸಾಹೇಬರ ಕನ್ನಡ ಶುದ್ಧ, ಒಪ್ಪುತ್ತೇನೆ. ಎಷ್ಟು ಶುದ್ಧವೆಂದರೆ ಅದರಲ್ಲಿ ವಿಷಯ ಬೆರೆತೇ ಇಲ್ಲ. "ಸಮಗ್ರ, ಸರ್ವಾಂಗೀಣ, ಸುಸ್ಥಿರ ಅಭ್ಯುದಯದ ನವಸಂಕಲ್ಪ" ಎಂದು ಎರಡು ನಿಮಿಷ ಹೇಳಿದರು. ನಾನು "ಸಾಹೇಬ ಮ್ಹಣತಾತ", ಅಂದರೆ ಸಾಹೇಬರು ಹೇಳುತ್ತಾರೆ, ಎಂದು ಶುರು ಮಾಡಿ, "ಎಲ್ಲ ಒಳ್ಳೆಯದಾಗುತ್ತದೆ" ಎಂದು ಮುಗಿಸಿದೆ. ಅದರಲ್ಲಿ ಇದ್ದದ್ದೇ ಅಷ್ಟು.

ವೇದಿಕೆ ಇಳಿದ ಮೇಲೆ ಹಾವಗೆಪ್ಪ ನನ್ನನ್ನು ಪಕ್ಕಕ್ಕೆ ಕರೆದ.

"ಹಿಂಗ ಮಾಡ್ಬ್ಯಾಡ್ರಿ ಮಾಸ್ತರ್ರ. ಸಾಹೇಬರು ಎಷ್ಟ ಹೊತ್ತು ಮಾತಾಡ್ತಾರ, ನೀವೂ ಅಷ್ಟ ಹೊತ್ತು ಮಾತಾಡ್ಬೇಕು. ಕಮ್ಮಿ ಆದ್ರ ನಡುವ ಮಾಸ್ತರ ನುಂಗ್ಯಾನ ಅಂತಾರ ಮಂದಿ."

ಈ ನಿಯಮ ಯಾವ ವ್ಯಾಕರಣದಲ್ಲೂ ಇಲ್ಲ. ಆದರೂ ನುಂಗಿದವನು ಎನ್ನಿಸಿಕೊಳ್ಳಲು ನನಗೆ ಮನಸ್ಸಿಲ್ಲ. ಒಂದು ಶಾಲು ಹಾಕಿದರು. ಬಣ್ಣ ಹೋಗುವ ಜಾತಿಯದು.

ಏಪ್ರಿಲ್ 24, ಬುಧವಾರ

ಸಾಹೇಬರಿಗೆ ಹೊಲಿಗೆ ಯಂತ್ರದ ಗುರುತು ಸಿಕ್ಕಿದೆ. ಇವತ್ತು ಕಮಲನಗರದ ಆಚೆ ಖೇರವಾಡಿಗೆ ಹೋದೆವು. ಅದು ನನ್ನ ಅಕ್ಕ ಕಾಂತಾಬಾಯಿಯ ಊರು. ಹನ್ನೊಂದು ವರ್ಷದಲ್ಲಿ ಎರಡು ಸಲ ಹೋಗಿದ್ದೇನೆ. ಎರಡೂ ಸಲ ಯಾರೋ ತೀರಿಕೊಂಡಿದ್ದರು.

ಸಭೆಗೆ ಮೊದಲು ಅಕ್ಕ ಮನೆಗೆ ಕರೆದು ಚಹಾ ಕೊಟ್ಟಳು. ಕೊಡುತ್ತಲೇ ತನ್ನ ಸಂಕಟ ಹೇಳಿದಳು. ಮೊಮ್ಮಗಳು ಮಹಾಮಾಯಾ ಎಂಟನೇ ತರಗತಿ ಮುಗಿಸಿದ್ದಾಳೆ. ಊರ ಶಾಲೆ ಇರುವುದೇ ಅಲ್ಲಿಯವರೆಗೆ. ಮುಂದಿನದು ಕಮಲನಗರದಲ್ಲಿ, ಒಂಬತ್ತು ಕಿಲೋಮೀಟರ್. ಬಸ್ಸಿಲ್ಲ. ಅವಳಪ್ಪ, ಅಕ್ಕನ ಮಗ ನಾಗಸೇನ, ಮುಂಜಾನೆ ಆರಕ್ಕೇ ಮೋಟರ್ ಸೈಕಲ್ ಹತ್ತಿ ಬೀದರದ ಬಳಿಯ ಕೊಳಾರದ ಕಾರ್ಖಾನೆಗೆ ಹೋಗುತ್ತಾನೆ. ಹುಡುಗಿ ನಡೆದು ಹೋಗುವುದು ಬೇಡ, ಶಾಲೆ ಸಾಕು ಎಂದುಬಿಟ್ಟಿದ್ದಾನೆ.

"ಏನರ ಮಾಡಪಾ ತಮ್ಮಾ. ನೀ ದೊಡ್ಡೋರ ಕೂಡ ತಿರಗ್ತೀ."

ನೋಡೋಣ ಎಂದೆ. ಹುಡುಗಿ ಮೂಲೆಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಏನೂ ಕೇಳಲಿಲ್ಲ. ಕೇಳಿದ್ದರೆ ಬುದ್ಧಿವಾದ ಹೇಳಿ ಪಾರಾಗಬಹುದಿತ್ತು.

ಸಭೆಯಲ್ಲಿ ಸಾಹೇಬರು "ನವಯುಗದ ನವೋದಯದ ನವಪಥದಲ್ಲಿ" ಎಂದು ಮೂರು ನಿಮಿಷ ನಡೆದರು. ಈಗ ನಾನೂ ಮೂರು ನಿಮಿಷ ತುಂಬಬೇಕು. ಅಕ್ಕ ಮೊದಲ ಸಾಲಿನಲ್ಲಿ ಕೂತಿದ್ದಳು. ಬಾಯಿಗೆ ಅದೇ ಬಂತು. ಸಾಹೇಬ ಮ್ಹಣತಾತ, ಈ ಊರಿನ ಹೆಣ್ಣುಮಕ್ಕಳು ಮುಂದೆ ಓದಬೇಕು. ಶಾಲೆ ಶುರುವಾದ ತಿಂಗಳಲ್ಲೇ ಇಲ್ಲಿಂದ ಮುಂಜಾನೆ ಎಂಟಕ್ಕೆ ಕಮಲನಗರಕ್ಕೆ ಬಸ್ಸು ಬಿಡಿಸುತ್ತೇವೆ.

ಕೂತ ಮಂದಿ ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ಎಲ್ಲರೂ ಅಕ್ಕನ ಕಡೆ ನೋಡಿದರು. ಅಕ್ಕ ಚಪ್ಪಾಳೆ ತಟ್ಟಿದಳು. ಆಮೇಲೆ ಊರೇ ತಟ್ಟಿತು. ನನ್ನ ಮರಾಠಿ ಇನ್ನೂ ಹರಿತವಾಗಿದೆ. ಸಾಹೇಬರು ಕಾರಿನಲ್ಲಿ, "ನವಪಥ ಎನ್ನುವ ಪದ ಹಳ್ಳಿಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ" ಎಂದು ಬರೆದುಕೊಂಡರು.

ಏಪ್ರಿಲ್ 27, ಶನಿವಾರ

ಔರಾದ ಕಡೆ ಮೂರು ಊರು. ಒಂದು ದನದ ದವಾಖಾನೆ, ಎರಡು ಕೊಳವೆಬಾವಿ, ಒಂದು ಸ್ಮಶಾನಕ್ಕೆ ಕಾಂಪೌಂಡು ಕೊಟ್ಟೆ. ಕೊಟ್ಟೆ ಎಂದರೆ ಅನುವಾದಿಸಿದೆ.

ಮೇ 1, ಬುಧವಾರ

ಬಿಳಿ ಜುಬ್ಬಾ ಎರಡು ಹೊಲಿಸಿದೆ. ಬಿಸಿಲಿಗೆ ಒಳ್ಳೆಯದು. ಮೀಸೆಗೆ ಸ್ವಲ್ಪ ಬಣ್ಣ ಹಚ್ಚಿದ್ದೇನೆ, ಸ್ವಲ್ಪವೇ. ನಮ್ಮ ಮತದಾರರು ಈಗ ಸಾಹೇಬರ ಕಾರಿನ ಬಾಗಿಲಿಗೆ ಹೋಗುವುದಿಲ್ಲ, ನೇರ ನನ್ನ ಬಾಗಿಲಿಗೆ ಬರುತ್ತಾರೆ. ಮುಗ್ಧರು. ಈ ರಾಜಕಾರಣಿಗಳು ಅವರನ್ನು ಹೇಗೆ ನಂಬಿಸುತ್ತಾರೆಂದು ನೋಡಿದರೆ ಹೊಟ್ಟೆ ಉರಿಯುತ್ತದೆ. ಇವತ್ತು ಒಂದು ಊರಿಗೆ ಸೇತುವೆ ಹೇಳಿದ ಮೇಲೆ ತಿಳಿಯಿತು, ಅಲ್ಲಿ ಹಳ್ಳವೇ ಇಲ್ಲ. ಆದರೂ ಚಪ್ಪಾಳೆ ಬಿತ್ತು.

ಮುಂಜಾನೆ ಹಾಲು ತರಲು ಹೋದಾಗ ಮನಿಷಾ ಹಿಂದೆಯೇ ಇದ್ದಳು.

"ಹಾಲಿನವಗ ಯಾಕ ಕೈ ಮುಗದ್ರಿ?"

"ಗೌರವ ಕೊಟ್ಟರೆ ತಪ್ಪೇನು?"

"ಅವ ಜಹೀರಾಬಾದದವ. ಅವನ ಓಟು ಇಲ್ಲಿಲ್ಲ."

ಮೇ 5, ಭಾನುವಾರ

ಬಹಿರಂಗ ಪ್ರಚಾರ ಮುಗಿಯಿತು. ಕೊನೆಯ ಸಭೆ ಬೀದರದಲ್ಲೇ, ಕನ್ನಡದಲ್ಲೇ. ಅನುವಾದ ಬೇಕಿರಲಿಲ್ಲ, ಆದರೂ ವೇದಿಕೆಯ ಮೇಲೆ ಮೊದಲ ಸಾಲಿನಲ್ಲಿ ಕೂತೆ. ಕ್ಷೇತ್ರ ನಮ್ಮಿಂದ ಅದನ್ನು ನಿರೀಕ್ಷಿಸುತ್ತದೆ. ಸಾಹೇಬರು ವಂದನಾರ್ಪಣೆಯಲ್ಲಿ ಶಾಮಿಯಾನದವನ ಹೆಸರು ಹೇಳಿದರು, ಮೈಕಿನವನ ಹೆಸರು ಹೇಳಿದರು. ನನ್ನನ್ನು "ಇನ್ನಿತರರು" ಎಂದರು. ಮನಸ್ಸಿಗೆ ತುಂಬಾ ನೋವಾಯಿತು. ಮನಿಷಾಳಿಗೆ ಹೇಳಿಲ್ಲ.

ಮೇ 7, ಮಂಗಳವಾರ

ಮತ ಹಾಕಿದೆ. ಯಾರಿಗೆಂದು ಇಲ್ಲಿಯೂ ಬರೆಯುವುದಿಲ್ಲ. ಸಾಹೇಬರಿಗಲ್ಲ.

ಜೂನ್ 4, ಮಂಗಳವಾರ

ಫಲಿತಾಂಶ. ಗೆದ್ದವರು ಗೆದ್ದರು, ಗುಲಾಲು ಹಾರಿಸಿದರು. ನಮ್ಮ ಸಾಹೇಬರ ಠೇವಣಿ ಹೋಯಿತು. ಭಾಲ್ಕಿಯಲ್ಲಿ ಅವರಿಗೆ ಬಿದ್ದ ಮತಗಳಿಗಿಂತ ನನಗೆ ಬಿದ್ದ ಶಾಲುಗಳೇ ಹೆಚ್ಚೇನೋ.

ಆದರೆ ಇಡೀ ಕ್ಷೇತ್ರದಲ್ಲಿ ಒಂದೇ ಒಂದು ಮತಗಟ್ಟೆಯಲ್ಲಿ ಹೊಲಿಗೆ ಯಂತ್ರ ಮುಂದಿದೆ. ಖೇರವಾಡಿ. ಐನೂರ ಮೂವತ್ತರಲ್ಲಿ ನಾನೂರ ಹನ್ನೆರಡು. ಎಣಿಕೆ ಕೇಂದ್ರದಲ್ಲಿ ಕೂತಿದ್ದ ಹಾವಗೆಪ್ಪ ಮತಯಂತ್ರ ಕೆಟ್ಟಿದೆ ಎಂದು ತಕರಾರು ಮಾಡಲು ಎದ್ದಿದ್ದನಂತೆ. ಅದು ತಮ್ಮದೇ ಮತ ಎಂದು ಪಕ್ಕದವರು ಕೂರಿಸಿದರಂತೆ. ಸಾಹೇಬರು ಫೋನು ಮಾಡಿದರು. "ಒಂದು ಊರಿಗಾದರೂ ನನ್ನ ವಿಚಾರಧಾರೆ ತಲುಪಿತು, ನೋಡಿ."

ನನಗೆ ಯಾಕೋ ಸಂತೋಷವಾಗಲಿಲ್ಲ.

ಜೂನ್ 6, ಗುರುವಾರ

ಮುಂಜಾನೆ ಹತ್ತಕ್ಕೆ ಅಕ್ಕ ಬಂದಳು. ಜೊತೆಗೆ ಮಹಾಮಾಯಾ. ಅಕ್ಕ ಜೈ ಭೀಮ ಹೇಳಿ, ನೀರು ಕುಡಿದು, ಕಾಲು ಮಡಚಿ ಕೂತಳು.

"ಸಾಲಿ ಸುರು ಆಗ್ಯಾದ ತಮ್ಮಾ. ಬಸ್ ಎಲ್ಲದ?"

ಅಕ್ಕಾ, ಸಾಹೇಬರು ಸೋತಿದ್ದಾರೆ, ಸೋತವರು ಬಸ್ಸು ಎಲ್ಲಿಂದ ಬಿಡಿಸುತ್ತಾರೆ ಎಂದೆ. ಅವಳು ಸುಮ್ಮನಿದ್ದರೆ ನನಗೆ ಮಾತು ಹೆಚ್ಚಾಗುತ್ತದೆ. ನನ್ನದೇನಿದ್ದರೂ ಅನುವಾದ ಮಾತ್ರ, ಮಾತು ಸಾಹೇಬರದು, ಅವರು ಕನ್ನಡದಲ್ಲಿ ಹೇಳಿದ್ದನ್ನು ಮರಾಠಿಯಲ್ಲಿ ಹೇಳುವುದಷ್ಟೇ ನನ್ನ ಕೆಲಸ ಎಂದೆ.

"ಸಾಹೇಬ ಏನಂದ ನನಗ ಗೊತ್ತದ. ನವ ನವ ಅಂತ ಒಂದೇ ಸಮನ ಕುಟ್ಟತಿದ್ದ. ಬಸ್ಸಿನ ಮಾತು ಅವನ ಬಾಯಾಗ ಬಂದೇ ಇಲ್ಲ."

"ನಿನಗೆ ಆ ಕನ್ನಡ ತಿಳಿಯಿತೇ?"

"ಯಾಕ ತಿಳಿಯಲ್ಲ? ಮೂವತ್ತ ವರ್ಷ ಕಮಲನಗರ ಬಾಜಾರದಾಗ ತೊಗರಿ ಮಾರೀನಿ. ನಿಂಗ ಕೈ ಹಿಡಕೊಂಡು ಕನ್ನಡ ಸಾಲಿಗಿ ಒಯ್ದಾಕಿ ಯಾರು? ಮರಾಠಿ ಸಾಲಿಗೇ ಹೋಗ್ತೇನಿ ಅಂತ ಅಳತಿದ್ದಿ ನೀ."

"ಮತ್ತೆ ಊರಿನವರು?"

"ಊರಿಗಿ ಎಲ್ಲಾ ತಿಳೀತದ. ನಮ್ಮಲ್ಲಿ ಕುರಿ ಸೈತ ಎರಡೂ ಭಾಷಾದಾಗ ಬೈಸ್ಕೋತಾವ. ನೀ ಮೈಕ್ ಹಿಡದು ಬಸ್ ಅಂದಾಗ ಎಲ್ಲರಿಗೂ ಗೊತ್ತಾಯ್ತು, ಇದು ಸಾಹೇಬಂದಲ್ಲ, ಮಾಸ್ತರಂದು ಅಂತ. ಸಾಹೇಬ ಅಂದಿದ್ರ ಯಾರು ನಂಬತಿದ್ರು? ನೀ ಅಂದೀ, ಅದಕ್ಕ ನಂಬೀವಿ. ಅದಕ್ಕ ಓಟು ಹಾಕೀವಿ."

ಮನಿಷಾ ಚಹಾ ತಂದವಳು ಬಾಗಿಲಲ್ಲೇ ನಿಂತಿದ್ದಳು.

ನಾಗಸೇನ ಜುಲೈ ಒಂದರವರೆಗೆ ಕಾಯಲು ಒಪ್ಪಿದ್ದಾನಂತೆ. ಅಲ್ಲಿಯವರೆಗೆ ಬಸ್ಸು ಬಾರದಿದ್ದರೆ ಹುಡುಗಿ ಮನೆಯಲ್ಲೇ. "ನನ್ನ ತಮ್ಮ ಅಂದಾನ ಅಂತ ಅವನ ಬಾಯಿ ಮುಚ್ಚೀನಿ" ಎಂದು ಅಕ್ಕ ಎದ್ದಳು. ಮಹಾಮಾಯಾ ಈ ಸಲವೂ ಏನೂ ಕೇಳಲಿಲ್ಲ. ಹೋಗುವಾಗ ನನ್ನ ಪುಸ್ತಕದ ಕಪಾಟಿನ ಮುಂದೆ ಸ್ವಲ್ಪ ಹೊತ್ತು ನಿಂತಳು.

ಜೂನ್ 7, ಶುಕ್ರವಾರ

ಬರೆಯುವಂಥದ್ದು ಏನೂ ಇಲ್ಲ. ಬಿ.ಪಿ. ಮಾತ್ರೆ ಎರಡು ಸಲ ತೆಗೆದುಕೊಂಡೆ.

ಜೂನ್ 10, ಸೋಮವಾರ

ಸಾಹೇಬರಿಗೆ ಫೋನು ಮಾಡಿದೆ. ಮೈಸೂರಿನಲ್ಲಿ ಪ್ರಕೃತಿ ಚಿಕಿತ್ಸೆಯಲ್ಲಿದ್ದಾರೆ. "ಬಸ್ಸಿನ ಬಗ್ಗೆ ನಾನು ಮಾತನಾಡಿದ ನೆನಪಿಲ್ಲವಲ್ಲ, ಮಾಸ್ತರೇ" ಎಂದರು. ಇಡೀ ಚುನಾವಣೆಯಲ್ಲಿ ಅವರು ಆಡಿದ ಏಕೈಕ ಸತ್ಯ.

ಡಿಪೊಗೆ ಹೋದೆ. ವೇಳಾಪಟ್ಟಿ ನೋಡುವ ಮಕ್ಬೂಲ ಭಾಲ್ಕಿಯಲ್ಲಿ ನನ್ನ ವಿದ್ಯಾರ್ಥಿ. ಷಟ್ಪದಿಗೂ ಅವನಿಗೂ ಕೊನೆಯವರೆಗೂ ಹೊಂದಲಿಲ್ಲ. ಎಷ್ಟು ಸಲ ಬೆಂಚಿನ ಮೇಲೆ ನಿಲ್ಲಿಸಿದ್ದೇನೋ. ಈಗ ಅವನು ಕುರ್ಚಿ ಕೊಟ್ಟ.

"ಸರ್, ಎರಡು ತೊಂದರಿ ಅವ. ಒಂದು, ದಿನಾ ಮೂವತ್ತ ಮಂದಿ ಹತ್ತಬೇಕು. ಎರಡು, ಖೇರವಾಡಿದಾಗ ಬಸ್ ತಿರುಗಿಸ್ಲಿಕ್ಕ ಜಾಗಾನೇ ಇಲ್ಲರಿ. ಹೋದ ಬಸ್ ಒಂಬತ್ತ ಕಿಲೋಮೀಟರ್ ಹಿಂದ ಹಿಂದ ಬರಬೇಕೇನ್ರಿ?"

ಅರ್ಜಿ ಬರೆದುಕೊಡಿ, ಪಂಚಾಯತಿಯ ಪತ್ರ ತನ್ನಿ, ಜಾಗ ತೋರಿಸಿ ಎಂದ. ನವಪಥಕ್ಕೆ ತಿರುವು ಬೇಕೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಜೂನ್ 15, ಶನಿವಾರ. ಖೇರವಾಡಿ

ಊರ ಮುಂದೆ ಬಸ್ಸು ತಿರುಗುವಷ್ಟು ಜಾಗ ಒಂದೇ ಇದೆ. ಅದರಲ್ಲಿ ಮಡೆಪ್ಪನ ಕುರಿದೊಡ್ಡಿ ಇದೆ. ಅವನ ಅಪ್ಪನ ಕಾಲದಿಂದ ಇರುವ ಮುಳ್ಳುಬೇಲಿ, ಅರವತ್ತು ಕುರಿ. ನಾನು ಪೀಠಿಕೆ ಹಾಕಿ, ಶಿಕ್ಷಣ, ಸಮಾಜ, ಭವಿಷ್ಯ ಎಂದು ಶುರು ಮಾಡಿದೆ. ಮಡೆಪ್ಪ ಕೈ ಎತ್ತಿ ನಿಲ್ಲಿಸಿದ.

"ಸಾಹೇಬರಂಗ ಮಾತಾಡಬ್ಯಾಡ್ರಿ ಮಾಸ್ತರ್ರ. ಏನ ಬೇಕು ಹೇಳ್ರಿ."

"ದೊಡ್ಡಿ ಆಚೆ ಸರಿಸಬೇಕು."

"ಇದನ್ನ ಮೈಕಿನಾಗ ಅವತ್ತೇ ಅಂದಿದ್ರ ಅವತ್ತೇ ಸರಸ್ತಿದ್ದೆ. ಒಂದು ಮಾತು. ಬಸ್ ಬಂದ ದಿನ ಡ್ರೈವರನ ಹಿಂದಿನ ಸೀಟು ನಂದು."

ಮುಂಜಾನೆಯಿಂದ ಮಧ್ಯಾಹ್ನದವರೆಗೆ ಮುಳ್ಳುಬೇಲಿ ಕಿತ್ತೆವು. ಜುಬ್ಬಾ ಹರಿಯಿತು. ಇನ್ನೊಂದು ಹೊಲಿಸುವುದಿಲ್ಲ, ಹಳೆಯ ಅಂಗಿಗಳೇ ಬೇಕಾದಷ್ಟಿವೆ. ಒಂದು ಕುರಿ ನನ್ನನ್ನು ಗುದ್ದಿತು. ಎರಡೂ ಭಾಷೆಯಲ್ಲಿ ಬೈದೆ.

ಅರ್ಜಿಯನ್ನು ನಾನೇ ಬರೆಯಬೇಕೆಂದಿದ್ದೆ, ಆದರೆ ಬೆರಳ ತುಂಬ ಮುಳ್ಳು. ಮಹಾಮಾಯಾ ಬರೆದಳು. ಓದಿ ತಿದ್ದಲು ಪೆನ್ನು ಕೇಳಿದೆ. ಎರಡು ಸಲ ಓದಿದೆ. ಪೆನ್ನು ವಾಪಸು ಕೊಟ್ಟೆ.

"ಮುತ್ಯಾ, ತಪ್ಪ ಅದೇನು?" ಎಂದು ಮೊದಲ ಸಲ ಬಾಯಿಬಿಟ್ಟಳು.

"ಇಲ್ಲ" ಎಂದೆ. ಈ ಹುಡುಗಿ ಮನೆಯಲ್ಲಿ ಕೂತರೆ ನಾನು ಮೂವತ್ತನಾಲ್ಕು ವರ್ಷ ಪಾಠ ಹೇಳಿದ್ದು ದಂಡ.

ಜೂನ್ 24, ಸೋಮವಾರ

ಅರ್ಜಿ, ಪಂಚಾಯತಿಯ ಪತ್ರ ಹಿಡಿದು ಮತ್ತೆ ಡಿಪೊ. ಮುಂಜಾನೆ ಹತ್ತರಿಂದ ಸಂಜೆ ಐದರವರೆಗೆ ಬೆಂಚಿನ ಮೇಲೆ ಕೂತಿದ್ದೆ. ಮಕ್ಬೂಲ ಮೂರು ಸಲ ಚಹಾ ತರಿಸಿದ. ಕೊನೆಗೆ ನಕ್ಕು, "ಸರ್, ನೀವು ಬೆಂಚಿನ ಮ್ಯಾಲ ಕುಂತ್ರ ನನಗ ಕೆಲಸ ಮಾಡ್ಲಿಕ್ಕ ಆಗ್ವಲ್ದು" ಎಂದು ಕಾಗದ ಹಿಡಿದು ಒಳಗೆ ಹೋದ. ಒಂದು ತಿಂಗಳ ಮಟ್ಟಿಗೆ ಪ್ರಾಯೋಗಿಕವಾಗಿ, ಮುಂಜಾನೆ ಎಂಟಕ್ಕೆ, ಜುಲೈ ಒಂದರಿಂದ. ಮಂಜೂರು.

ಈ ತಿಂಗಳು ಖೇರವಾಡಿಗೆ ಏಳು ಸಲ ಹೋಗಿದ್ದೇನೆಂದು ಮನಿಷಾ ಎಣಿಸಿದ್ದಾಳೆ. ಯಾರೂ ತೀರಿಕೊಂಡಿಲ್ಲವಲ್ಲ ಎಂದಳು.

ಜುಲೈ 1, ಸೋಮವಾರ. ಕಮಲನಗರ

ಏಳೂವರೆಗೆ ಖೇರವಾಡಿಗೆ ಬಸ್ಸಿಗಿಂತ ಮೊದಲು ಅನೀಲಕುಮಾರ ಸಾಹೇಬರ ಕಾರು ಬಂತು. ಯಾರು ಸುದ್ದಿ ಮುಟ್ಟಿಸಿದರೋ. ಮುಂದೆ ಜಿಲ್ಲಾ ಪಂಚಾಯತಿ ಚುನಾವಣೆ ಇದೆಯಲ್ಲ. ಹಾವಗೆಪ್ಪ ಮೈಕು, ಹಾರ, ಒಂದು ತೆಂಗಿನಕಾಯಿ ಇಳಿಸಿದ. ತಮ್ಮ ಮೇಲೆ ಪ್ರೀತಿಯಿಟ್ಟ ಏಕೈಕ ಊರಿನ ಋಣ ತೀರಿಸಲು ಸಾಹೇಬರು ಬಂದಿದ್ದಾರೆ ಎಂದು ಸಾರಿದ.

ಎಂಟಕ್ಕೆ ಐದು ನಿಮಿಷ ಇರುವಾಗ ಬಸ್ಸು ಬಂತು. ದೊಡ್ಡಿ ಇದ್ದ ಜಾಗದಲ್ಲಿ ಒಂದೇ ಸುತ್ತಿಗೆ ತಿರುಗಿತು. ಮಡೆಪ್ಪ ಕುರಿ ಓಡಿಸುವವರಂತೆ ಕೈ ಬೀಸಿ ದಾರಿ ತೋರಿಸಿ, ಯಾರಿಗೂ ಕಾಯದೆ ಹತ್ತಿ ಡ್ರೈವರನ ಹಿಂದೆ ಕೂತ. ಅವನಿಗೆ ಕಮಲನಗರದಲ್ಲಿ ಕೆಲಸವೇನೂ ಇಲ್ಲ. ಮೂವತ್ತು ಮಂದಿ ಆಗಬೇಕಲ್ಲ. ಐದು ಹುಡುಗಿಯರು ಹತ್ತಿದರು. ನಾಗಸೇನನೂ ಹತ್ತಿದ. ಮಧ್ಯಾಹ್ನದ ಪಾಳಿ ಕೇಳಿಕೊಂಡಿದ್ದಾನಂತೆ. ಮಗಳಿಗೆ ಕಿಟಕಿಯ ಸೀಟು ಹಿಡಿದುಕೊಟ್ಟ.

ಸಾಹೇಬರು ಬಸ್ಸಿನ ಮುಂದೆ ನಿಂತು ಮೈಕು ಹಿಡಿದರು. ಕೊಟ್ಟ ಮಾತು ಉಳಿಸಿಕೊಂಡ ಧನ್ಯತೆ ತಮಗಿದೆ ಎಂದರು. ಬರುವ ದಿನಗಳಲ್ಲಿ ಖೇರವಾಡಿಯಲ್ಲೇ ಅಂತರರಾಷ್ಟ್ರೀಯ ಮಟ್ಟದ ಪ್ರೌಢಶಾಲೆ, ನವಜ್ಞಾನದ ನವಮಂದಿರ, ಎಂದು ನಾಲ್ಕು ನಿಮಿಷ ಹೇಳಿ, ಮೈಕನ್ನು ನನಗೆ ಕೊಟ್ಟರು. ಡ್ರೈವರ್ ಗಡಿಯಾರ ನೋಡುತ್ತಿದ್ದ. ಊರೆಲ್ಲ ನನ್ನನ್ನು ನೋಡುತ್ತಿತ್ತು. ಅಕ್ಕನೂ.

"ಸಾಹೇಬ ಕಾಹೀಚ ಬೋಲಲೇ ನಾಹೀತ" ಎಂದೆ. ಅಂದರೆ, ಸಾಹೇಬರು ಏನೂ ಹೇಳಲೇ ಇಲ್ಲ.

ಮೈಕು ಕೆಳಗಿಟ್ಟೆ.

ಊರು ಬಿದ್ದು ಬಿದ್ದು ನಕ್ಕಿತು, ಚಪ್ಪಾಳೆ ತಟ್ಟಿತು, ಬಸ್ಸಿನೊಳಗಿನವರು ತಗಡು ಬಡಿದರು. ಸಾಹೇಬರು ಕಣ್ಣು ತುಂಬಿಕೊಂಡು ನಾಲ್ಕೂ ದಿಕ್ಕಿಗೆ ಕೈ ಮುಗಿದರು. "ನಾಲ್ಕು ನಿಮಿಷಕ್ಕ ಇಷ್ಟೇನ್ರಿ?" ಎಂದು ಹಾವಗೆಪ್ಪ ಕಿವಿಯಲ್ಲಿ ಕೇಳಿದ. ಇವತ್ತಿನದು ಬರೋಬ್ಬರಿ ಅನುವಾದ ಎಂದೆ.

ಬಸ್ಸು ಹೊರಟಿತು. ನನಗೆ ಇಷ್ಟು ಸಂತೋಷವಾಗಿ ಬಹಳ ವರ್ಷವಾಗಿತ್ತು. ಅಕ್ಕ ಪಕ್ಕಕ್ಕೆ ಬಂದು ನಿಂತಳು. ಧೂಳು ಇಳಿಯುವವರೆಗೆ ನೋಡಿದಳು.

"ಹೋಗ್ಲಿಕ್ಕ ಬಸ್ ಆಯ್ತು ತಮ್ಮಾ. ಬರ್ಲಿಕ್ಕ?"

ಅರ್ಜಿಯಲ್ಲಿ, ಮಂಜೂರಾತಿಯಲ್ಲಿ, ಮೈಕಿನಲ್ಲಿ ನಾನು ಆಡಿದ ಮಾತಿನಲ್ಲಿ, ಎಲ್ಲ ಕಡೆ ಮುಂಜಾನೆ ಎಂಟು ಗಂಟೆ ಮಾತ್ರ ಇದೆ. ಸಂಜೆ ಮಕ್ಕಳು ಮನೆಗೆ ಬರಬೇಕೆಂದು ನಾನಾಗಲಿ, ಊರಾಗಲಿ ಯೋಚಿಸಿರಲಿಲ್ಲ.

ನಾಳೆ ಡಿಪೊಗೆ ಹೋಗಬೇಕು. ಇವತ್ತಿನ ಮಟ್ಟಿಗೆ ನಾಗಸೇನ ಮನೆಯಲ್ಲಿ ಬಿಟ್ಟುಹೋದ ಮೋಟರ್ ಸೈಕಲನ್ನು ತಂದು ಶಾಲೆಯ ಗೇಟಿನ ಮುಂದೆ ನಿಲ್ಲಿಸಿಕೊಂಡು, ಅದರ ಸೀಟಿನ ಮೇಲೆ ದಿನಚರಿ ಇಟ್ಟು ಇದನ್ನು ಬರೆಯುತ್ತಿದ್ದೇನೆ. ಐದು ಹುಡುಗಿಯರು, ಒಂದು ಗಾಡಿ, ಒಂಬತ್ತು ಕಿಲೋಮೀಟರ್. ಎಷ್ಟು ಸಲ ಓಡಾಡಬೇಕಾಗುತ್ತದೆ ಎಂದು ಯೋಚಿಸುವಷ್ಟರಲ್ಲಿ ಗಂಟೆ ಹೊಡೆಯಿತು. ಮಹಾಮಾಯಾ ಎಲ್ಲರಿಗಿಂತ ಮುಂದೆ ಬರುತ್ತಿದ್ದಾಳೆ.